ಒಡಹುಟ್ಟಿದವರು

ಒಂದೇ ತಾಯಿಯ ಮಡಿಲಲ್ಲಿ ಬೆಳೆದ ಮಕ್ಕಳೆಲ್ಲ ಒಂದೇ ಬಗೆಯಾಗಿರುವುದಿಲ್ಲ. ಒಂದೇ ಸೂರಿನ ಕೆಳಗೆ ಮಲಗಿ, ಒಂದೇ ಒಲೆಯ ಮೇಲೆ ಬೆಂದ ಅನ್ನವನ್ನುಂಡು ಬೆಳೆದರೂ ಒಬ್ಬನು ಗಂಭೀರನಾಗುತ್ತಾನೆ, ಇನ್ನೊಬ್ಬನು ಮಾತಿನಮಲ್ಲನಾಗುತ್ತಾನೆ. ಒಬ್ಬಳು ಹಿರಿಯರ ಮಾತನ್ನು ಮೀರದವಳಾದರೆ, ಇನ್ನೊಬ್ಬಳು ಪ್ರಶ್ನಿಸದೆ ಯಾವುದನ್ನೂ ಒಪ್ಪದವಳಾಗುತ್ತಾಳೆ. ಐದು ಬೆರಳೂ ಸಮನಾಗಿರುವುದಿಲ್ಲವೆಂದು ಹೇಳಿ ನಮ್ಮ ಹಿರಿಯರು ಈ ಸೋಜಿಗವನ್ನು ಒಪ್ಪಿಕೊಂಡರು. ಆದರೆ ಈ ವ್ಯತ್ಯಾಸಕ್ಕೆ ಕಾರಣವೇನು? ಜನರು ಬಹುಕಾಲದಿಂದ ಕೊಡುತ್ತ ಬಂದಿರುವ ಉತ್ತರಗಳಲ್ಲಿ ಒಂದು ಹುಟ್ಟಿನ ಸರದಿಗೆ ಸಂಬಂಧಿಸಿದ್ದು. ಚೊಚ್ಚಲ ಮಗುವಿಗೆ ಹೊಣೆಗಾರಿಕೆ ಹುಟ್ಟುಗುಣ, ನಡುವಿನದಕ್ಕೆ ಹಟ ಹೆಚ್ಚು, ಕೊನೆಯ ಕೂಸು ಮುದ್ದಿನಿಂದ ಕೆಡುತ್ತದೆ ಎಂಬ ಮಾತುಗಳು ಎಲ್ಲ ಊರುಗಳಲ್ಲಿಯೂ ಕೇಳಿಬರುತ್ತವೆ. ಈ ಮಾತುಗಳಲ್ಲಿ ನಿಜವೆಷ್ಟು, ನಂಬಿಕೆಯೆಷ್ಟು ಎಂಬುದು ವಿಚಾರಮಾಡತಕ್ಕ ವಿಷಯ.

ಹುಟ್ಟಿನ ಸರದಿಗೆ ನಮ್ಮ ಸಮಾಜವು ಎಂಥ ಬೆಲೆ ಕೊಟ್ಟಿದೆಯೆಂಬುದನ್ನು ಕನ್ನಡ ನುಡಿಯೇ ಸಾರುತ್ತದೆ. ಇಂಗ್ಲಿಷಿನವರು ಅಣ್ಣನನ್ನೂ ತಮ್ಮನನ್ನೂ 'ಬ್ರದರ್' ಎಂಬ ಒಂದೇ ಮಾತಿನಿಂದ ಗುರುತಿಸುತ್ತಾರೆ. ಕನ್ನಡದಲ್ಲಾದರೋ ಅಣ್ಣ ಬೇರೆ, ತಮ್ಮ ಬೇರೆ. ಅಕ್ಕ ಬೇರೆ, ತಂಗಿ ಬೇರೆ. ತಂದೆಯ ಅಣ್ಣನು ದೊಡ್ಡಪ್ಪ, ತಮ್ಮನು ಚಿಕ್ಕಪ್ಪ. ತಮ್ಮನನ್ನು ಹೆಸರು ಹಿಡಿದು ಕರೆಯಬಹುದು; ಅಣ್ಣನನ್ನು ಹಾಗೆ ಕರೆಯುವುದು ಅನೇಕ ಮನೆಗಳಲ್ಲಿ ಸಲ್ಲದು. ಹೀಗೆ ಮಗುವು ಮಾತು ಕಲಿಯುವಾಗಲೇ, ಮನೆಯಲ್ಲಿ ತನಗಿಂತ ಮೊದಲು ಬಂದವರು ಯಾರು, ಅನಂತರ ಬಂದವರು ಯಾರು ಎಂಬುದನ್ನೂ ಕಲಿತುಬಿಡುತ್ತದೆ.

ನಮ್ಮ ಪ್ರಾಚೀನ ಕಥೆಗಳೂ ಈ ವಿಷಯವನ್ನು ಬಿಟ್ಟಿಲ್ಲ. ರಾಮನಿಗೆ ಸಲ್ಲಬೇಕಾದ ಸಿಂಹಾಸನವನ್ನು ಒಲ್ಲದೆ ಅವನ ಪಾದುಕೆಗಳನ್ನಿರಿಸಿ ರಾಜ್ಯವಾಳಿದ ಭರತನು ತಮ್ಮನೆಂಬ ಸ್ಥಾನಕ್ಕೆ ಮಾದರಿಯಾದನು. ಯಯಾತಿಯ ಕಥೆ ಇದಕ್ಕೆ ಬೇರೆಯಾದುದು. ತಂದೆಯ ಮುಪ್ಪನ್ನು ಹೊರಲು ಹಿರಿಯ ಮಗನಾದ ಯದುವು ಒಪ್ಪಲಿಲ್ಲ. ಎಲ್ಲರಿಗಿಂತ ಕಿರಿಯನಾದ ಪೂರುವು ಒಪ್ಪಿದನು, ರಾಜ್ಯವು ಅವನಿಗೇ ದಕ್ಕಿತು.

ನಡುವಿನ ಮಗನ ಪಾಡನ್ನು ಹೇಳುವ ಕಥೆಯೊಂದು ಐತರೇಯ ಬ್ರಾಹ್ಮಣದಲ್ಲಿದೆ. ಯಜ್ಞಕ್ಕೆ ಬಲಿಯಾಗಿ ಕೊಡಲು ಹರಿಶ್ಚಂದ್ರನ ಮಗನಾದ ರೋಹಿತನು ತನಗೆ ಬದಲಾಗಿ ಒಬ್ಬ ಹುಡುಗನನ್ನು ಹುಡುಕುತ್ತ ಹೊರಟನು. ಹಸಿವಿನಿಂದ ಕಂಗೆಟ್ಟಿದ್ದ ಅಜೀಗರ್ತನೆಂಬ ಬಡವನು ನೂರು ಹಸುಗಳಿಗಾಗಿ ತನ್ನ ಮೂವರು ಗಂಡುಮಕ್ಕಳಲ್ಲಿ ಒಬ್ಬನನ್ನು ಮಾರಲು ಸಿದ್ಧನಾದನು. ಹಿರಿಯನನ್ನು ಕೊಡಲಾರೆನೆಂದು ತಂದೆ ಅವನನ್ನು ತಬ್ಬಿಕೊಂಡನು. ಕಿರಿಯನನ್ನು ಕೊಡಲಾರೆನೆಂದು ತಾಯಿ ಅವನನ್ನು ತಬ್ಬಿಕೊಂಡಳು. ಯಾರ ತೋಳಿಗೂ ಸಿಕ್ಕದೆ ಉಳಿದ ನಡುವಿನ ಮಗ ಶುನಃಶೇಪನು ಮಾರಾಟವಾದನು. ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ದೇವತೆಗಳನ್ನು ಸ್ತುತಿಸಿ ಬಂಧನದಿಂದ ಪಾರಾದ ಆ ಹುಡುಗನನ್ನು ವಿಶ್ವಾಮಿತ್ರನು ಮಗನನ್ನಾಗಿ ಸ್ವೀಕರಿಸಿ, ತನ್ನ ಮಕ್ಕಳಲ್ಲೆಲ್ಲ ಹಿರಿಯನ ಸ್ಥಾನವನ್ನು ಅವನಿಗೆ ಕೊಟ್ಟನು. ಹುಟ್ಟಿದ್ದು ಎರಡನೆಯವನಾಗಿ, ನಿಂತದ್ದು ಮೊದಲನೆಯವನಾಗಿ. ಸ್ಥಾನವೆಂಬುದು ಹುಟ್ಟಿನಿಂದ ಮಾತ್ರ ಬರುವುದಲ್ಲ, ಮನೆಯವರು ಕೊಡುವುದೂ ಹೌದು ಎಂಬುದನ್ನು ಈ ಕಥೆಯು ಎಷ್ಟೋ ಶತಮಾನಗಳ ಹಿಂದೆಯೇ ಹೇಳಿಬಿಟ್ಟಿದೆ.

ಬೇರೆ ಬೇರೆ ಸಮಾಜಗಳ ಪದ್ಧತಿಗಳನ್ನು ನೋಡಿದರೂ ಈ ಮಾತು ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನಲ್ಲಿ ಶತಮಾನಗಳವರೆಗೆ, ಮರಣಶಾಸನ ಬರೆಯದೆ ತೀರಿಕೊಂಡವನ ಭೂಮಿಯು ಹಿರಿಯ ಮಗನಿಗೇ ಸಲ್ಲುತ್ತಿತ್ತು. 1925ರ ಕಾನೂನು ಆ ಪದ್ಧತಿಯನ್ನು ತೆಗೆದುಹಾಕಿತು. ನಮ್ಮ ದೇಶದ ಮೇಘಾಲಯದ ಖಾಸಿ ಜನರಲ್ಲಿ ಪಿತ್ರಾರ್ಜಿತದ ಮಾತೇ ಬೇರೆ. ಅಲ್ಲಿ ಮನೆತನವು ತಾಯಿಯಿಂದ ಮುಂದುವರಿಯುತ್ತದೆ. ಹಿಂದಿನಿಂದ ಬಂದ ಮನೆಯೂ ಆಸ್ತಿಯೂ ಕಡೆಯ ಮಗಳ ವಶಕ್ಕೆ ಹೋಗುತ್ತವೆ. ಮುದಿ ತಂದೆತಾಯಿಗಳನ್ನು ನೋಡಿಕೊಳ್ಳುವ ಹೊಣೆಯೂ ಅವಳದೇ. ಕಡೆಯ ಮಗುವಿಗೆ ಹೊಣೆಗಾರಿಕೆ ಬಾರದೆಂಬುದು ಪ್ರಕೃತಿಯ ನಿಯಮವಾಗಿದ್ದರೆ ಇಂಥ ಪದ್ಧತಿಯು ನಡೆದುಬರುತ್ತಿತ್ತೆ?

ಹುಟ್ಟಿನ ಸರದಿಯನ್ನು ವಿಜ್ಞಾನದ ದೃಷ್ಟಿಯಿಂದ ನೋಡುವ ಪ್ರಯತ್ನವು ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲಾಯಿತು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅವರು ತಮ್ಮ ದೇಶದ ವಿಜ್ಞಾನಿಗಳ ಜೀವನವೃತ್ತಾಂತಗಳನ್ನು ಸಂಗ್ರಹಿಸಿ 1874ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ವಿಜ್ಞಾನಿಗಳಲ್ಲಿ ಹಿರಿಯ ಮಕ್ಕಳೂ ಒಬ್ಬರೇ ಮಕ್ಕಳಾಗಿ ಬೆಳೆದವರೂ ನಿರೀಕ್ಷೆಗೆ ಮೀರಿ ಹೆಚ್ಚಾಗಿದ್ದಾರೆಂಬುದು ಅವರಿಗೆ ಕಂಡುಬಂದಿತು. ಹಿರಿಯ ಮಗನಿಗೆ ತಂದೆತಾಯಿಗಳ ಒಡನಾಟವೂ ಮನೆಯ ಹಣವೂ ಹೆಚ್ಚಾಗಿ ದೊರೆಯುತ್ತವೆಯೆಂದು ಅವರು ಕಾರಣ ಹೇಳಿದರು. ವಿನೋದವೆಂದರೆ, ಗಾಲ್ಟನ್ ಅವರೇ ತಮ್ಮ ತಂದೆತಾಯಿಗಳ ಕಡೆಯ ಮಗ!

ಈ ವಿಚಾರವನ್ನು ಮನಶ್ಶಾಸ್ತ್ರದೊಳಕ್ಕೆ ತಂದವರು ಆಸ್ಟ್ರಿಯ ದೇಶದ ವೈದ್ಯರಾದ ಆಲ್ಫ್ರೆಡ್ ಆಡ್ಲರ್. 1870ರಲ್ಲಿ ವಿಯೆನ್ನಾ ನಗರದ ಬಳಿ ಹುಟ್ಟಿದ ಇವರು ಏಳು ಮಂದಿ ಮಕ್ಕಳಲ್ಲಿ ಎರಡನೆಯವರು. ಮೊದಲ ಮಗುವು ಕೆಲಕಾಲ ಮನೆಯ ಅರಸನಂತೆ ಮೆರೆಯುತ್ತದೆ. ತಮ್ಮನೋ ತಂಗಿಯೋ ಹುಟ್ಟಿದೊಡನೆ ಆ ಸಿಂಹಾಸನದಿಂದ ಕೆಳಗಿಳಿಯಬೇಕಾಗುತ್ತದೆ ಎಂಬುದು ಆಡ್ಲರ್ ಅವರ ಅಭಿಪ್ರಾಯ. ತಾನು ಕಳೆದುಕೊಂಡುದನ್ನು ಉಳಿಸಿಕೊಳ್ಳಲು ಅದು ನಿಯಮವನ್ನೂ ಅಧಿಕಾರವನ್ನೂ ಗೌರವಿಸಲು ಕಲಿಯುತ್ತದೆ. ಎರಡನೆಯ ಮಗುವಿನ ಮುಂದೆ ಸದಾ ಒಬ್ಬ ಓಟಗಾರನಿರುತ್ತಾನೆ. ಅವನನ್ನು ಹಿಡಿಯುವ ಆತುರದಲ್ಲಿ ಅದು ಸ್ಪರ್ಧೆಯ ಸ್ವಭಾವವನ್ನು ಬೆಳೆಸಿಕೊಳ್ಳುತ್ತದೆ. ಕಡೆಯ ಮಗುವನ್ನು ಯಾರೂ ಕೆಳಗಿಳಿಸುವುದಿಲ್ಲ. ಆದುದರಿಂದ ಅದು ಮುದ್ದಿಗೆ ಒಗ್ಗಿಹೋಗುವ ಅಪಾಯವುಂಟು.

ಹೊಸ ಕೂಸು ತೊಟ್ಟಿಲಿಗೆ ಬಂದ ದಿನಗಳಲ್ಲಿ ಮೂರು ವರ್ಷದ ಮಗುವು ಮತ್ತೆ ತಾಯಿಯ ಕಂಕುಳಿಗೆ ಹಟ ಮಾಡುವುದನ್ನು ಕಂಡವರಿಗೆ ಆಡ್ಲರ್ ಅವರ ಮಾತು ಸಹಜವೆನಿಸುತ್ತದೆ. ಆದರೆ ಮಗುವಿನ ಆ ದಿನಗಳ ಸಂಕಟವು ನಿಜವಾದರೂ, ಅದು ಬಾಳಿನುದ್ದಕ್ಕೂ ಉಳಿಯುವ ಸ್ವಭಾವವಾಗುತ್ತದೆಯೆ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರವನ್ನು ಊಹೆಯಿಂದ ಪಡೆಯಲಾಗದು.

ಉದಾಹರಣೆಗಳಿಂದಲೂ ಪಡೆಯಲಾಗದು. ಜವಾಹರಲಾಲ್ ನೆಹರೂ ಅವರು ಹಿರಿಯ ಮಗ. ಮಹಾತ್ಮ ಗಾಂಧಿಯವರು ತಮ್ಮ ತಾಯಿಯ ನಾಲ್ವರು ಮಕ್ಕಳಲ್ಲಿ ಕಡೆಯವರು. ಸುಭಾಷಚಂದ್ರ ಬೋಸರು ಹದಿನಾಲ್ಕು ಮಂದಿಯಲ್ಲಿ ಒಂಬತ್ತನೆಯವರು, ಡಾ. ಅಂಬೇಡ್ಕರ್ ಅವರು ತಂದೆತಾಯಿಗಳಿಗೆ ಹದಿನಾಲ್ಕನೆಯ ಮಗ. ಮುಂದಾಳುತನವು ಹಿರಿಯ ಮಕ್ಕಳ ಗುಣವೆನ್ನುವವನಿಗೆ ಇಲ್ಲಿ ಒಂದು ಸಾಕ್ಷಿ ದೊರೆಯುತ್ತದೆ. ಅಲ್ಲವೆನ್ನುವವನಿಗೆ ಮೂರು ದೊರೆಯುತ್ತವೆ. ಬೇಕಾದುದನ್ನು ಆರಿಸಿಕೊಳ್ಳುವವನಿಗೆ ಎಂಥ ಸಿದ್ಧಾಂತಕ್ಕಾದರೂ ಸಾಕ್ಷಿ ಸಿಕ್ಕುತ್ತದೆ.

ಈ ವಿಷಯದಲ್ಲಿ ಕಣ್ಣು ಮೋಸಹೋಗುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ವಯಸ್ಸು. ಹದಿನಾಲ್ಕು ವರ್ಷದ ಅಕ್ಕನನ್ನೂ ಒಂಬತ್ತು ವರ್ಷದ ತಮ್ಮನನ್ನೂ ಪಕ್ಕದಲ್ಲಿ ನಿಲ್ಲಿಸಿದರೆ ಅಕ್ಕನೇ ಜವಾಬ್ದಾರಿಯುಳ್ಳವಳಾಗಿ ಕಾಣುವಳು. ಅದು ಅವಳು ಮೊದಲು ಹುಟ್ಟಿದುದರ ಗುಣವಲ್ಲ, ಹದಿನಾಲ್ಕು ವರ್ಷಗಳ ಗುಣ. ತಮ್ಮನೂ ಹದಿನಾಲ್ಕನ್ನು ತಲುಪಿದಾಗ ಹೇಗಿರುವನೆಂದು ನೋಡಿದರೆ ಮಾತ್ರ ಹೋಲಿಕೆ ನ್ಯಾಯವಾದೀತು. ಎರಡನೆಯದು ಕುಟುಂಬದ ಗಾತ್ರ. ಐದನೆಯ ಮಗುವು ಹುಟ್ಟುವುದು ಐದು ಮಕ್ಕಳುಳ್ಳ ಮನೆಯಲ್ಲಿ ಮಾತ್ರ. ಮೊದಲನೆಯ ಮಗುವಾದರೋ ಮಕ್ಕಳಿರುವ ಎಲ್ಲ ಮನೆಗಳಲ್ಲಿಯೂ ಇರುತ್ತದೆ. ದೊಡ್ಡ ಕುಟುಂಬಗಳಲ್ಲಿ ಬಡತನ ಹೆಚ್ಚಾಗಿದ್ದರೆ, ಬಡತನದ ಫಲವೆಲ್ಲ ಐದನೆಯವನೆಂಬ ಸರದಿಯ ಲೆಕ್ಕಕ್ಕೆ ಸೇರಿಹೋಗುತ್ತದೆ.

ಸ್ವಿಟ್ಜರ್ಲೆಂಡಿನ ಸೆಸಿಲ್ ಅರ್ನ್ಸ್ಟ್ ಮತ್ತು ಯೂಲೆಸ್ ಆಂಗ್ಸ್ಟ್ ಎಂಬ ವಿದ್ವಾಂಸರು ಅದುವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿ 1983ರಲ್ಲಿ ಒಂದು ಗ್ರಂಥವನ್ನು ಹೊರತಂದರು. ಈ ಎರಡು ದೋಷಗಳನ್ನು ಕಳೆದರೆ ಸ್ವಭಾವದ ಮೇಲೆ ಹುಟ್ಟಿನ ಸರದಿಯ ಪ್ರಭಾವವು ಬಹುಮಟ್ಟಿಗೆ ಮಾಯವಾಗುತ್ತದೆಯೆಂಬುದು ಅವರ ನಿರ್ಣಯ. 2015ರಲ್ಲಿ ಜರ್ಮನಿ, ಬ್ರಿಟನ್ ಮತ್ತು ಅಮೆರಿಕಗಳ 20,000ಕ್ಕೂ ಮಿಗಿಲಾದ ವಯಸ್ಕರನ್ನು ಕುರಿತ ಅಧ್ಯಯನವೊಂದು ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ಸುಮಾರು 3,77,000 ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಕುರಿತ ಇನ್ನೊಂದು ಅಧ್ಯಯನವೂ ಹೊರಬಂದಿತು. ಸ್ನೇಹಪರತೆ, ಶಿಸ್ತು, ಧೈರ್ಯ, ಸಂಕೋಚ ಮುಂತಾದ ಗುಣಗಳಲ್ಲಿ ಹಿರಿಯ ಮಕ್ಕಳಿಗೂ ಕಿರಿಯ ಮಕ್ಕಳಿಗೂ ಹೇಳಿಕೊಳ್ಳುವಂಥ ಅಂತರವಿಲ್ಲವೆಂದು ಎರಡೂ ತೋರಿಸಿಕೊಟ್ಟವು. ಆ ಬಳಿಕವೂ ಕಿರಿದಾದ ಕೆಲವು ಅಂತರಗಳನ್ನು ತೋರಿಸಿರುವವರುಂಟು. ಆದರೆ ಒಬ್ಬ ವ್ಯಕ್ತಿಯ ಸರದಿಯನ್ನು ಕೇಳಿ ಅವನ ಸ್ವಭಾವವನ್ನು ಹೇಳಲು ಅವು ಸಾಲವು.

ಹಾಗಾದರೆ ತಂದೆತಾಯಿಗಳಿಗೆ ಪ್ರತಿದಿನವೂ ಕಾಣುವ ವ್ಯತ್ಯಾಸವು ಸುಳ್ಳೆ? ಸುಳ್ಳಲ್ಲ, ಆದರೆ ಅದು ಮನೆಯೊಳಗಿನ ಸತ್ಯ. ಅಮೆರಿಕದ ಲೇಖಕಿ ಜೂಡಿತ್ ರಿಚ್ ಹ್ಯಾರಿಸ್ ಅವರು 1998ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಮಕ್ಕಳು ಮನೆಯಲ್ಲಿ ಒಂದು ಬಗೆಯಾಗಿಯೂ ಹೊರಗೆ ಇನ್ನೊಂದು ಬಗೆಯಾಗಿಯೂ ನಡೆದುಕೊಳ್ಳಬಲ್ಲರು. ಅಣ್ಣನ ಮುಂದೆ ತಲೆ ಎತ್ತದ ತಮ್ಮನು ಓರಗೆಯವರ ಕಬಡ್ಡಿ ತಂಡಕ್ಕೆ ನಾಯಕನಾಗಿರಬಹುದು. ಮನೆಯಲ್ಲಿ ತಂಗಿಯರನ್ನು ಗದರಿಸಿ ಕೂರಿಸುವ ಅಕ್ಕನು ತರಗತಿಯಲ್ಲಿ ಬಾಯಿಬಿಡದೆ ಕುಳಿತಿರಬಹುದು. ಮನೆಯೆಂಬ ರಂಗದಲ್ಲಿ ಹಿರಿಯರು ಹಂಚಿಕೊಟ್ಟ ಪಾತ್ರವನ್ನು ಆಡುತ್ತಿರುವ ಮಗುವಿನ ವೇಷವನ್ನೇ ಅದರ ಸ್ವಭಾವವೆಂದು ಜನರು ತಿಳಿಯುತ್ತಾರೆ.

ಇಷ್ಟಾದರೂ ಒಂದು ಅಂತರವು ಮಾತ್ರ ಹಲವು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಹಿರಿಯ ಮಕ್ಕಳ ಸರಾಸರಿ ಅಂಕವು ಕಿರಿಯರದಕ್ಕಿಂತ ತುಸು ಹೆಚ್ಚು. ಇದರ ಕಾರಣವನ್ನು ಹುಡುಕಿದ ಅಧ್ಯಯನಗಳಲ್ಲಿ ನಾರ್ವೆ ದೇಶದ್ದು ಬಹಳ ಮುಖ್ಯವಾದುದು. ಪೆಟರ್ ಕ್ರಿಸ್ಟೆನ್ಸೆನ್ ಮತ್ತು ಟೋರ್ ಬ್ಯೆರ್ಕೆಡಾಲ್ ಎಂಬ ವಿಜ್ಞಾನಿಗಳು ಸೈನಿಕ ಸೇವೆಗೆ ಪರೀಕ್ಷಿಸಲ್ಪಟ್ಟ ಸುಮಾರು 2,40,000 ತರುಣರ ದಾಖಲೆಗಳನ್ನು ಪರಿಶೀಲಿಸಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲನೆಯವರಿಗೂ ಎರಡನೆಯವರಿಗೂ ಸರಾಸರಿಯಲ್ಲಿ 2ರಿಂದ 3 ಅಂಕಗಳ ಅಂತರವಿದ್ದಿತು. ಅನಂತರ ಅವರು ಒಂದು ವಿಶೇಷ ಗುಂಪನ್ನು ನೋಡಿದರು. ಅಣ್ಣನೋ ಅಕ್ಕನೋ ಶೈಶವದಲ್ಲಿಯೇ ತೀರಿಕೊಂಡ ಕಾರಣ, ಎರಡನೆಯವರಾಗಿ ಹುಟ್ಟಿದರೂ ಮನೆಯಲ್ಲಿ ಹಿರಿಯರಾಗಿ ಬೆಳೆದವರ ಗುಂಪು ಅದು. ಅವರ ಅಂಕಗಳು ಮೊದಲನೆಯವರ ಅಂಕಗಳಿಗೆ ಸಮೀಪವಾಗಿದ್ದುವು! ವ್ಯತ್ಯಾಸದ ಮೂಲವು ಗರ್ಭದ ಸರದಿಯಲ್ಲಿಲ್ಲ, ಮಗುವು ಬೆಳೆಯುವ ಸ್ಥಾನದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ದೊರೆಯುವುದು ಕಷ್ಟ.

ಆ ಸ್ಥಾನದಲ್ಲಿ ಅಂಥದೇನಿದೆ? ಮೊದಲ ಮಗುವಿಗೆ ಕೆಲಕಾಲವಾದರೂ ತಂದೆತಾಯಿಗಳ ಪೂರ್ಣ ಗಮನವು ದೊರೆಯುತ್ತದೆ. ಅದರ ಕಿವಿಗೆ ಬೀಳುವುದು ದೊಡ್ಡವರ ಮಾತು. ಅನಂತರ ಅದು ತಮ್ಮತಂಗಿಯರಿಗೆ ಗುರುವಾಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯನ್ಸ್ ಅವರು 1970ರ ದಶಕದಲ್ಲಿ ಈ ಅಂಶಕ್ಕೆ ಒತ್ತುಕೊಟ್ಟರು. ಕಿರಿಯರಿಗೆ ಹೇಳಿಕೊಡುವಾಗ ಹಿರಿಯ ಮಗುವಿನ ಸ್ವಂತ ತಿಳಿವಳಿಕೆಯೂ ಗಟ್ಟಿಯಾಗುತ್ತದೆಂಬುದು ಅವರ ವಾದ. ಹಾಗೆಂದು ಕಿರಿಯ ಮಕ್ಕಳು ಎದೆಗುಂದಬೇಕಾಗಿಲ್ಲ. ಎರಡು ಮೂರು ಅಂಕಗಳ ಅಂತರವು ಲಕ್ಷಾಂತರ ಜನರ ಸರಾಸರಿಯಲ್ಲಿ ಮಾತ್ರ ಕಾಣುವಂಥದು. ಅಣ್ಣನಿಗಿಂತ ಜಾಣರಾದ ತಮ್ಮಂದಿರು ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ.

ಒಬ್ಬನೇ ಮಗನು, ಒಬ್ಬಳೇ ಮಗಳು ಸ್ವಾರ್ಥಿಯಾಗುವರೆಂಬ ಮಾತೂ ಹೀಗೆಯೇ ಆಧಾರವಿಲ್ಲದ್ದು. ಟೋನಿ ಫಾಲ್ಬೋ ಎಂಬ ಅಮೆರಿಕದ ವಿದುಷಿಯೂ ಅವರ ಸಹೋದ್ಯೋಗಿಗಳೂ 1980ರ ದಶಕದಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಒಂಟಿಮಕ್ಕಳ ಗುಣನಡತೆಯಲ್ಲಿ ಬೇರೆ ಮಕ್ಕಳಿಗಿಂತ ಯಾವ ಕೊರತೆಯೂ ಕಾಣಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಹುಟ್ಟುವ ಮಕ್ಕಳ ಸರಾಸರಿ 1.7. ಒಂಟಿಮಕ್ಕಳ ಮನೆಗಳು ನಮ್ಮ ನಡುವೆ ಹೆಚ್ಚುತ್ತಿರುವಾಗ ಇದು ತಿಳಿದಿರತಕ್ಕ ಸಂಗತಿ.

ಸ್ವಭಾವದ ಮಾತು ಹೀಗಾಯಿತು. ಆದರೆ ಮನೆಯ ಸ್ಥಾನವು ಸ್ವಭಾವಕ್ಕಿಂತ ಮೂಲಭೂತವಾದ ಅನ್ನದ ವಿಷಯವನ್ನು ಮುಟ್ಟಿದಾಗ ಅದು ಮಗುವಿನ ಶರೀರದ ಮೇಲೆಯೇ ಗುರುತು ಬಿಡುತ್ತದೆ. ಭಾರತದ ಮಕ್ಕಳು ಬಡತನದಲ್ಲಿ ನಮ್ಮನ್ನು ಮೀರಿಸಿದ ಆಫ್ರಿಕದ ಎಷ್ಟೋ ದೇಶಗಳ ಮಕ್ಕಳಿಗಿಂತ ಸರಾಸರಿಯಲ್ಲಿ ಕುಳ್ಳಾಗಿರುವುದು ವಿದ್ವಾಂಸರಿಗೆ ಒಂದು ಒಗಟಾಗಿದ್ದಿತು. ಸೀಮಾ ಜಯಚಂದ್ರನ್ ಮತ್ತು ರೋಹಿಣಿ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ಎತ್ತರದ ದಾಖಲೆಗಳನ್ನು ಹೋಲಿಸಿ 2017ರಲ್ಲಿ ಇದಕ್ಕೆ ವಿವರಣೆ ಕೊಟ್ಟರು. ಭಾರತದ ಚೊಚ್ಚಲ ಮಕ್ಕಳು ಕುಳ್ಳಾಗಿಲ್ಲ. ಕೊರತೆಯು ಎರಡನೆಯ ಮಗುವಿನಿಂದ ಮೊದಲಾಗಿ, ಮೂರನೆಯದರಲ್ಲಿ ಇನ್ನೂ ಹೆಚ್ಚುತ್ತದೆ. ಹಿರಿಯ ಮಗನ ಮೇಲೆ ಕುಟುಂಬಗಳು ಇಟ್ಟಿರುವ ಆಸೆಯೇ ಇದಕ್ಕೆ ಮುಖ್ಯ ಕಾರಣವೆಂದು ಅವರು ತೋರಿಸಿದರು. ಮುಪ್ಪಿನಲ್ಲಿ ಆಸರೆಯಾಗುವವನು, ತೀರಿಕೊಂಡಾಗ ಕೊಳ್ಳಿ ಇಡುವವನು ಅವನೇ ಎಂಬ ಭಾವನೆಯಿಂದ ಆಹಾರ, ಆರೈಕೆ, ಔಷಧಗಳ ಹೆಚ್ಚಿನ ಪಾಲು ಅವನ ಕಡೆಗೆ ಹರಿಯುತ್ತದೆ. ಗಂಡುಮಗುವಿಗಾಗಿ ಇನ್ನೂ ಕಾಯುತ್ತಿರುವ ಮನೆಯಲ್ಲಿ ಹುಟ್ಟಿದ ಹೆಣ್ಣುಮಗುವಿನ ಪಾಲು, ಮುಂದೆ ಹುಟ್ಟಬಹುದಾದ ತಮ್ಮನಿಗಾಗಿ ಮೊದಲೇ ಕಡಿಮೆಯಾಗಿರುತ್ತದೆ.

ಅಂತೆಯೇ ಅನೇಕ ಬಡಕುಟುಂಬಗಳಲ್ಲಿ ಹಿರಿಯ ಮಗಳ ಸ್ಥಾನವು ಗೌರವದ ಹೆಸರಿನಲ್ಲಿ ಬರುವ ಹೊರೆಯಾಗಿದೆ. ತಾಯಿತಂದೆಗಳು ಕೂಲಿಗೆ ಹೋದಾಗ ತಮ್ಮನನ್ನು ಎತ್ತಿಕೊಳ್ಳುವವಳು, ನೀರು ತರುವವಳು, ಒಲೆ ಹಚ್ಚುವವಳು ಅವಳೇ. ತರಗತಿಯಲ್ಲಿ ಅವಳ ಸ್ಥಳವು ಬರಿದಾಗಿರುವುದು ಅವಳಿಗೆ ಓದಿನಲ್ಲಿ ಆಸಕ್ತಿ ಇಲ್ಲದುದರಿಂದಲ್ಲ. ಅಕ್ಕನು ಎರಡನೆಯ ತಾಯಿ ಎಂಬ ಹೊಗಳಿಕೆಯು ಮಧುರವಾದುದು ನಿಜ. ಆದರೆ ಆ ಹೊಗಳಿಕೆಗೆ ಅವಳ ಪುಸ್ತಕವೇ ಬೆಲೆಯಾದರೆ ಅದು ಅನ್ಯಾಯ.

ಕಾನೂನು ಈ ವಿಷಯದಲ್ಲಿ ಮನೆಗಿಂತ ಮುಂದೆ ಹೋಗಿದೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕುಂಟೆಂದು ಕರ್ನಾಟಕವು 1994ರಲ್ಲಿಯೇ ತಿದ್ದುಪಡಿ ಮಾಡಿತು. 2005ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ತಿದ್ದುಪಡಿಯು ಬಂದಿತು. ಪಾಲು ಮಾಡುವಾಗ ಕಾನೂನು ಯಾರು ಮೊದಲು ಹುಟ್ಟಿದರೆಂದು ಕೇಳುವುದಿಲ್ಲ. ಆದರೆ ಊಟದ ತಟ್ಟೆಗೆ ಬಡಿಸುವ ಕೈಯ ಬಳಿ ಯಾವ ನ್ಯಾಯಾಧೀಶನೂ ನಿಂತಿರುವುದಿಲ್ಲ. ಅಲ್ಲಿ ನ್ಯಾಯವನ್ನು ಮನೆಯವರೇ ನಡೆಸಬೇಕು.

ನ್ಯಾಯವೆಂದರೆ ತಟ್ಟೆ ಬಟ್ಟೆಗಳ ಲೆಕ್ಕವೊಂದೇ ಅಲ್ಲ. 'ಅಣ್ಣನನ್ನು ನೋಡಿ ಕಲಿತುಕೊ' ಎಂಬ ಮಾತು ತಮ್ಮನನ್ನು ಕುಗ್ಗಿಸುತ್ತದೆ. 'ದೊಡ್ಡವನು ನೀನೇ ಬಿಟ್ಟುಕೊಡು' ಎಂಬ ಮಾತು ದಿನವೂ ಕೇಳಿಬಂದರೆ ಅಣ್ಣನ ಮನಸ್ಸಿನಲ್ಲಿ ಕಹಿಯನ್ನು ತುಂಬುತ್ತದೆ. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಗಾದೆಯು ಆಸ್ತಿಯ ಜಗಳವನ್ನು ಕಂಡು ಹುಟ್ಟಿದ್ದಿರಬಹುದು. ಆದರೆ ಅಂಥ ಜಗಳದ ಬೀಜವು ಎಷ್ಟೋ ವೇಳೆ ಬಾಲ್ಯದ ಹೋಲಿಕೆಗಳಲ್ಲಿಯೇ ಬಿದ್ದಿರುತ್ತದೆ. ಮಕ್ಕಳೂ ತಮ್ಮ ಪಾಲಿನ ಕರ್ತವ್ಯವನ್ನು ಅರಿಯಬೇಕು. ಅಕ್ಕನ ಕೈಯಲ್ಲಿರುವ ಕೊಡವನ್ನು ತಮ್ಮನೂ ಎತ್ತಬಲ್ಲನು. ತಂಗಿಯ ಲೆಕ್ಕದ ತೊಡಕನ್ನು ಅಣ್ಣನು ಬಿಡಿಸಿಕೊಟ್ಟರೆ ಇಬ್ಬರಿಗೂ ಲಾಭ.

ಹುಟ್ಟಿನ ಸರದಿಯನ್ನು ಯಾರೂ ಬದಲಿಸಲಾರರು. ಹಿರಿಯನು ಹಿರಿಯನೇ, ಕಿರಿಯಳು ಕಿರಿಯಳೇ. ಆದರೆ ಆ ಸರದಿಯು ಮಕ್ಕಳ ಸ್ವಭಾವವನ್ನು ಕಟ್ಟಿಹಾಕುವ ಹಣೆಬರಹವಲ್ಲ. ಅದಕ್ಕೆ ಯಾವ ಅರ್ಥವನ್ನು ಕೊಡಬೇಕು, ಯಾರ ತಟ್ಟೆಗೆ ಎಷ್ಟು ಬಡಿಸಬೇಕು, ಯಾರನ್ನು ಶಾಲೆಗೆ ಕಳುಹಿಸಬೇಕು, ಯಾರ ಮಾತಿಗೆ ಕಿವಿಗೊಡಬೇಕು ಎಂಬುದೆಲ್ಲ ಮನೆಯವರ ಕೈಯಲ್ಲಿದೆ. ಅಜೀಗರ್ತನ ಮನೆಯಲ್ಲಿ ಮಾರಾಟವಾದ ಮಗನೇ ವಿಶ್ವಾಮಿತ್ರನ ಮನೆಯಲ್ಲಿ ಹಿರಿಯನಾದನು. ಹುಡುಗನು ಬೇರೆಯಾಗಿರಲಿಲ್ಲ, ಮನೆ ಬೇರೆಯಾಗಿತ್ತು.